ಪ್ಲಾನ್ ಪಾಸಾದ ಸೈಟಿಗೆ ಎಷ್ಟು ಕೊಡಬಹುದು?

‘ಸಾರ್, ಕ್ಲಿಯರ್ ಸೈಟು. ಪ್ಲಾನ್ ಸ್ಯಾಂಕ್ಷನ್ ಆಗಿದೆ, ನಾಳೆಯೇ ಗುದ್ದಲಿ ಪೂಜೆ ಮಾಡಬಹುದು.’ ಬ್ರೋಕರ್ ಬಾಯಿಂದ ಈ ಮಾತು ಬಂದ ಕೂಡಲೇ ಎಷ್ಟೋ ಮಂದಿ ಚೌಕಾಸಿ ಬಿಟ್ಟುಬಿಡುತ್ತಾರೆ. ಆದರೆ ‘ಅನುಮತಿ ಇದೆ’ ಎನ್ನುವ ಮಾತಿನೊಳಗೆ ಮೂರು ಬೇರೆ ಬೇರೆ ಕಾಗದಗಳಿವೆ. ಮೂರಕ್ಕೂ ಒಂದೇ ಬೆಲೆ ಇಲ್ಲ.

ಮೊದಲನೆಯದು, 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಕೃಷಿ ಜಮೀನು ವಸತಿಗೆ ಪರಿವರ್ತನೆಯಾದ ಆದೇಶ. ಜನ ಡಿಸಿ ಕನ್ವರ್ಷನ್ ಎನ್ನುವುದು ಇದನ್ನೇ. ಎರಡನೆಯದು, ಯೋಜನಾ ಪ್ರಾಧಿಕಾರ ಇಡೀ ಲೇಔಟಿಗೆ ಕೊಟ್ಟ ಅನುಮೋದನೆ. ಮೂರನೆಯದು, ಪಾಲಿಕೆಯೋ ಪಂಚಾಯಿತಿಯೋ ಮಂಜೂರು ಮಾಡಿದ ಮನೆಯ ನಕ್ಷೆ. ಮೊದಲ ಎರಡು ಇಲ್ಲದಿದ್ದರೆ ಖಾತೆಗೂ ತೊಡಕು, ಬ್ಯಾಂಕ್ ಸಾಲಕ್ಕೂ ತೊಡಕು. ಹಾಗಾಗಿ ಅವು ನೆಲದ ಬೆಲೆಯನ್ನೇ ಏರಿಸುತ್ತವೆ. ಮೂರನೆಯದರ ಬೆಲೆಯಾದರೋ ಹೊಸದಾಗಿ ನಕ್ಷೆ ಮಾಡಿಸಿ ಪಾಸು ಮಾಡಿಸಲು ತಗಲುವ ಶುಲ್ಕ, ಸಮಯದಷ್ಟೇ. ಆ ನಕ್ಷೆಯ ಮನೆ ಕೊಳ್ಳುವವರಿಗೆ ಬೇಡದಿದ್ದರೆ ಅಷ್ಟೂ ಇಲ್ಲ.

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಕ್ರಮಬದ್ಧ ಕಾಗದಗಳ ತೂಕವನ್ನು ಇನ್ನಷ್ಟು ಹೆಚ್ಚಿಸಿದೆ. ಮನೆ ಮಂಜೂರಾದ ನಕ್ಷೆಯಂತೆಯೇ ಇದೆ ಎಂದು ಕೊಡುವ ಸ್ವಾಧೀನಾನುಭವ ಪತ್ರ (ಒಸಿ) ತೋರಿಸಿದ ಮೇಲೆಯೇ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು ಎಂದಿತು ಆ ತೀರ್ಪು.

ಬೆಲೆ ತಿಳಿಯಲು ಹೆಚ್ಚಿನವರು ಮೊದಲು ನೋಡುವುದು ಸರ್ಕಾರದ ಮಾರ್ಗಸೂಚಿ ದರ. 2023ರ ಅಕ್ಟೋಬರ್ 1ರಿಂದ ಪರಿಷ್ಕೃತ ದರ ಜಾರಿಗೆ ಬಂತು. ಅದು ಮುದ್ರಾಂಕ ಶುಲ್ಕ ಲೆಕ್ಕಹಾಕಲು ಇರುವ ಕನಿಷ್ಠ ದರವೇ ಹೊರತು ಪೇಟೆಯ ದರವಲ್ಲ. ಅದೇ ಲೇಔಟಿನಲ್ಲಿ ಈಚೆಗೆ ನೋಂದಣಿಯಾದ ಸೈಟುಗಳ ಋಣಭಾರ ಪತ್ರ (ಇಸಿ) ತೆಗೆಸಿದರೆ ಕ್ರಯಪತ್ರದಲ್ಲಿ ಬರೆದ ಮೊತ್ತ ಸಿಗುತ್ತದೆ. ನಗದಿನಲ್ಲಿ ಕೈಬದಲಾದ ಹಣ ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ ಅಕ್ಕಪಕ್ಕದ ಮನೆಯವರನ್ನೂ ವಿಚಾರಿಸಬೇಕು.

ಚದರಡಿಯ ದರ ಒಂದೇ ಆದರೂ ಸೈಟು ಒಂದೇ ಆಗುವುದಿಲ್ಲ. 30×40 ಸೈಟೂ 1200 ಚದರಡಿ, 20×60 ಸೈಟೂ 1200 ಚದರಡಿ. ನಾಲ್ಕೂ ಕಡೆ ಮೂರು ಮೂರು ಅಡಿ ಬಿಟ್ಟು ಕಟ್ಟಿದರೆ ಮೊದಲನೆಯದರಲ್ಲಿ ಒಂದು ಮಹಡಿಗೆ 816 ಚದರಡಿ ಸಿಗುತ್ತದೆ, ಎರಡನೆಯದರಲ್ಲಿ 756 ಮಾತ್ರ. ಮುಂದಿನ ರಸ್ತೆಯ ಅಗಲ, ಹಳ್ಳ ಮುಚ್ಚಿದ ಮಣ್ಣು, ಮೇಲೆ ಹಾದುಹೋದ ಹೈಟೆನ್ಷನ್ ತಂತಿ, ಪಕ್ಕದ ರಾಜಕಾಲುವೆ ಎಲ್ಲವೂ ದರವನ್ನು ಏರಿಳಿಸುತ್ತವೆ.

ಬಿಲ್ಡರ್‌ಗಳ ಲೆಕ್ಕ ಹಿಂದಿನಿಂದ ಶುರುವಾಗುತ್ತದೆ. ಆ 30×40 ಸೈಟಿನ ಬೀದಿಯಲ್ಲಿ ಎರಡು ಮಹಡಿಯ ಹೊಸ ಮನೆ ಒಂದೂವರೆ ಕೋಟಿಗೆ ಮಾರಾಟವಾಗುತ್ತದೆ ಎಂದಿಟ್ಟುಕೊಳ್ಳೋಣ. 1632 ಚದರಡಿ ಕಟ್ಟಲು ಚದರಡಿಗೆ 2,500 ರೂಪಾಯಿಯಂತೆ ಸುಮಾರು 41 ಲಕ್ಷ; ಬೋರ್‌ವೆಲ್, ಸಂಪು, ಕಾಂಪೌಂಡು, ಶುಲ್ಕಗಳಿಗೆ 9 ಲಕ್ಷ; ಬಡ್ಡಿ ಮತ್ತು ನೋಂದಣಿಗೆ 15 ಲಕ್ಷ; ಶ್ರಮಕ್ಕೂ ಅಪಾಯಕ್ಕೂ ಇನ್ನೊಂದು 15 ಲಕ್ಷ. ಎಲ್ಲ ಕಳೆದು ಉಳಿಯುವುದು 70 ಲಕ್ಷ. ನೆಲಕ್ಕೆ ಕೊಡಬಹುದಾದ್ದು ಇಷ್ಟೇ. ಮಾಲೀಕ 85 ಲಕ್ಷ ಕೇಳಿದರೆ ಆ ಹೆಚ್ಚುವರಿ 15 ಲಕ್ಷ ಏತಕ್ಕೆ ಎಂದು ಧೈರ್ಯವಾಗಿ ಕೇಳಬಹುದು. ತಾವೇ ವಾಸವಿರಲು ಕೊಳ್ಳುವವರಿಗೂ ಈ ಲೆಕ್ಕ ಒದಗುತ್ತದೆ: ಅದೇ ದುಡ್ಡಿಗೆ ಕಟ್ಟಿದ ಮನೆಯೇ ಸಿಗುವಾಗ ಸೈಟು ಕೊಂಡು ಪಾಡು ಪಡುವುದೇಕೆ?

ಬೆಲೆ ಒಪ್ಪಿದ ಮೇಲೂ ಖರ್ಚು ನಿಲ್ಲುವುದಿಲ್ಲ. ರಾಜ್ಯದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿತು. ಮುದ್ರಾಂಕ ಶುಲ್ಕ, ಸೆಸ್ ಸೇರಿ ನಗರಗಳಲ್ಲಿ ಇದು ಶೇ 7.6ರಷ್ಟಾಗುತ್ತದೆ, 70 ಲಕ್ಷದ ಸೈಟಿಗೆ 5.32 ಲಕ್ಷ ರೂಪಾಯಿ.

ಟೋಕನ್ ಅಡ್ವಾನ್ಸ್ ಕೊಡುವ ಮೊದಲು ಮೂಲ ಪತ್ರಗಳನ್ನು ವಕೀಲರಿಗೆ ತೋರಿಸಿ, ಸರ್ವೆಯರ್‌ ಕರೆಸಿ ನಾಲ್ಕೂ ಮೂಲೆ ಅಳೆಸಿ. ಮಂಜೂರಾದ ನಕ್ಷೆಯ ಪ್ರತಿಯನ್ನು ಕೊಟ್ಟ ಕಚೇರಿಯಲ್ಲೇ ತಾಳೆ ನೋಡಿ, ಅದರ ಅವಧಿ ಎಂದಿಗೆ ಮುಗಿಯುತ್ತದೆಂದು ಕೇಳಿ ತಿಳಿದುಕೊಳ್ಳಿ.