ಅಜ್ಜಿ ಯಾಕೆ ಓಡಿದಳು?

ಶನಿವಾರ ಬೆಳಗ್ಗೆ ಎಂಟು ಗಂಟೆಗೆ ಕಾಲೇಜಿನ ಹಿಂದಿನ ಗೇಟಿನಿಂದ ಒಂದು ಆಟೋದಲ್ಲಿ ಐದು ಜನ ತುಂಬಿಕೊಂಡು ಹೊರಡುತ್ತೇವೆ. ಎರಡು ಕಿಲೋಮೀಟರ್ ಆಚೆ ಒಂದು ಸರ್ಕಾರಿ ಶಾಲೆ ಇದೆ. ಅಲ್ಲಿ ಮೂರು ಮತ್ತು ನಾಲ್ಕನೇ ತರಗತಿ ಮಕ್ಕಳಿಗೆ ಕನ್ನಡ ಓದಿಸುವುದು ನಮ್ಮ ಕೆಲಸ. ಸೇರುವಾಗ ನನಗೆ ಇದ್ದ ಧೈರ್ಯ ಏನು ಗೊತ್ತಾ? ನನಗೆ ಕನ್ನಡ ಓದೋಕೆ ಬರುತ್ತೆ, ಹೇಳಿಕೊಡೋದು ಏನು ಮಹಾ ಅನ್ನೋದು. ಆ ಧೈರ್ಯ ಆರು ವಾರ ಉಳಿಯಿತು.

ನನ್ನ ಗುಂಪಿನಲ್ಲಿ ಒಬ್ಬಳು ನಾಲ್ಕನೇ ತರಗತಿ ಹುಡುಗಿ. ಯಾವ ಪುಟ ಕೊಟ್ಟರೂ ಗಡಗಡ ಅಂತ ಓದುತ್ತಿದ್ದಳು. ಒತ್ತಕ್ಷರಕ್ಕೂ ತಡವರಿಸುತ್ತಿರಲಿಲ್ಲ. ನಮ್ಮ ಹತ್ತಿರ ಒಂದು ಹಾಳೆ ಇರುತ್ತದೆ. ಅಕ್ಷರ, ಪದ, ವಾಕ್ಯ, ಕಥೆ ಅಂತ ನಾಲ್ಕು ಕಾಲಂ. ಅವಳ ಹೆಸರಿನ ಮುಂದೆ ಮೊದಲ ದಿನವೇ ನಾಲ್ಕಕ್ಕೂ ರೈಟ್ ಹಾಕಿ, "ನೀನು ಜಾಣೆ, ಹಿಂದೆ ಕೂತು ಬೇಕಾದ್ದು ಓದಿಕೋ" ಎಂದು ಹೇಳಿ ನಾನು ತಡವರಿಸುವ ಮಕ್ಕಳ ಕಡೆ ತಿರುಗಿಬಿಟ್ಟೆ. ಆರು ಶನಿವಾರ ಅವಳು ಹಾಗೇ ಹಿಂದೆ ಕೂತಿದ್ದಳು.

ಏಳನೇ ವಾರ ನಾವೇ ಬರೆದ ಒಂದು ಕಾರ್ಡನ್ನು ಅವಳ ಕೈಗೆ ಕೊಟ್ಟೆ. ಅದರಲ್ಲಿ ಇದ್ದದ್ದು ಇಷ್ಟು:

"ಬೆಳಗ್ಗೆ ಅಜ್ಜಿ ಮಹಡಿಯ ಮೇಲೆ ಹಪ್ಪಳ ಒಣಗಲು ಹಾಕಿದಳು. ಊಟ ಮಾಡಿ ಮಲಗಿದಳು. ಎದ್ದು ನೋಡಿದರೆ ಆಕಾಶವೆಲ್ಲ ಕಪ್ಪಾಗಿತ್ತು. ಅಜ್ಜಿ ಅಯ್ಯೋ ಎಂದು ಮೆಟ್ಟಿಲು ಹತ್ತಿ ಓಡಿದಳು."

ಒಂದೇ ಉಸಿರಿಗೆ ಓದಿದಳು. ನಾನು ಸುಮ್ಮನೆ ಕೇಳಿದೆ, "ಅಜ್ಜಿ ಯಾಕೆ ಓಡಿದಳು?"

ಕಾರ್ಡನ್ನು ಮತ್ತೆ ನೋಡಿದಳು. ಬೆರಳಿಟ್ಟು ಹುಡುಕಿದಳು. "ಅಯ್ಯೋ ಎಂದು ಓಡಿದಳು ಅಣ್ಣಾ."

"ಅದು ಸರಿ, ಯಾಕೆ?"

"ಮೆಟ್ಟಿಲು ಹತ್ತಿ ಓಡಿದಳು."

ನನಗೆ ನಗು ಬಂತು, ಆಮೇಲೆ ನಗು ಹೋಯಿತು. ಪಕ್ಕದಲ್ಲಿದ್ದ, ಇನ್ನೂ ಒತ್ತಕ್ಷರದಲ್ಲೇ ಒದ್ದಾಡುತ್ತಿದ್ದ ಹುಡುಗ ಬರೀ ಕೇಳಿಸಿಕೊಂಡೇ "ಮಳೆ ಬರುತ್ತೆ, ಹಪ್ಪಳ ನೆನೆಯುತ್ತೆ" ಎಂದು ಕೂಗಿದ. ಆಗ ಅವಳ ಮುಖದಲ್ಲೊಂದು ಆಶ್ಚರ್ಯ. "ಅದನ್ನ ಇಲ್ಲಿ ಬರೆದೇ ಇಲ್ವಲ್ಲ?"

ಅವಳ ಮಾತು ನಿಜ. ಮಳೆ ಅನ್ನುವ ಪದವೇ ಕಾರ್ಡಿನಲ್ಲಿ ಇಲ್ಲ. ಓದುವವರೇ ಅದನ್ನು ತರಬೇಕು. ಕಪ್ಪು ಆಕಾಶ, ಮಹಡಿ ಮೇಲಿನ ಹಪ್ಪಳ, ಅಯ್ಯೋ ಎಂಬ ಕೂಗು, ಈ ಮೂರನ್ನೂ ಕೂಡಿಸುವ ಕೆಲಸ ಓದುವವರ ತಲೆಯಲ್ಲೇ ಆಗಬೇಕು. ಅದು ಆಗದಿದ್ದರೆ ಆಗಿದ್ದು ಓದಲ್ಲ, ಉಚ್ಚಾರಣೆ.

ಹಾಗಾದರೆ ಅವಳು ಪರೀಕ್ಷೆಯಲ್ಲಿ ಹೇಗೆ ಪಾಸಾಗುತ್ತಿದ್ದಳು? ಇಲ್ಲೊಂದು ಚಿಕ್ಕ ಪ್ರಯೋಗ ಮಾಡೋಣ. ಕೆಳಗಿನ ವಾಕ್ಯ ಓದಿ.

"ಗಿಡ್ಮನು ಟೋಪಳವನ್ನು ಜರಕಿಸಿ ಮೂಲೆಯಲ್ಲಿ ಬಿಸಟಿದನು."

ಈಗ ಪ್ರಶ್ನೆಗಳು. ಟೋಪಳವನ್ನು ಜರಕಿಸಿದವರು ಯಾರು? ಗಿಡ್ಮ. ಗಿಡ್ಮನು ಏನನ್ನು ಜರಕಿಸಿದನು? ಟೋಪಳವನ್ನು. ಎಲ್ಲಿ ಬಿಸಟಿದನು? ಮೂಲೆಯಲ್ಲಿ. ಮೂರಕ್ಕೆ ಮೂರು ಅಂಕ! ಟೋಪಳ ಅಂದರೆ ಏನೆಂದು ನನಗೂ ಗೊತ್ತಿಲ್ಲ, ನಾನೇ ಹುಟ್ಟಿಸಿದ ಪದ. ಕನ್ನಡದ ವಿಭಕ್ತಿ ಪ್ರತ್ಯಯಗಳು ಎಷ್ಟು ಉಪಕಾರಿ ಅಂದರೆ, 'ಅನ್ನು' ಇರುವ ಕಡೆ ಏನನ್ನು, 'ಅಲ್ಲಿ' ಇರುವ ಕಡೆ ಎಲ್ಲಿ ಅಂತ ಹೊಂದಿಸಿದರೆ ಸಾಕು, ಉತ್ತರ ಸಿದ್ಧ. ನಮ್ಮ ಪಾಠದ ಕೊನೆಯ 'ಒಂದು ವಾಕ್ಯದಲ್ಲಿ ಉತ್ತರಿಸಿ' ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಜಾತಿಯವು. ಮಗು ವರ್ಷಗಟ್ಟಲೆ ಈ ಆಟ ಆಡಿಕೊಂಡು ಮೇಲಿನ ತರಗತಿಗೆ ಹೋಗಬಹುದು. ಗಣಿತದ ಲೆಕ್ಕವನ್ನು ವಾಕ್ಯದಲ್ಲಿ ಕೊಟ್ಟಾಗ ಸಿಕ್ಕಿಬೀಳುತ್ತದೆ, ಆಗ ನಾವು "ಇವಳಿಗೆ ಗಣಿತ ಬರಲ್ಲ" ಅನ್ನುತ್ತೇವೆ.

ಇದಕ್ಕೆ ಒಂದು ಸಮೀಕರಣವೇ ಇದೆ, ನಮ್ಮವರಿಗೆ ಇಷ್ಟವಾಗುವಂಥದ್ದು. 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು ಬರೆದದ್ದು: ಆರ್ = ಡಿ × ಸಿ. ಆರ್ ಅಂದರೆ ಅರ್ಥ ಮಾಡಿಕೊಂಡು ಓದುವುದು. ಡಿ ಅಂದರೆ ಅಕ್ಷರಗಳನ್ನು ಬಿಡಿಸಿ ಪದವಾಗಿಸುವ ಶಕ್ತಿ. ಸಿ ಅಂದರೆ ಅದೇ ಮಾತನ್ನು ಕಿವಿಯಲ್ಲಿ ಕೇಳಿದರೆ ತಿಳಿಯುವ ಶಕ್ತಿ. ನಡುವೆ ಇರುವುದು ಕೂಡುವ ಚಿಹ್ನೆ ಅಲ್ಲ, ಗುಣಿಸುವ ಚಿಹ್ನೆ ಎಂಬುದೇ ಇದರ ಸ್ವಾರಸ್ಯ. ಯಾವುದಾದರೂ ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಒಟ್ಟು ಸೊನ್ನೆ.

ಕನ್ನಡದಲ್ಲಿ ಈ ಡಿ ವಿಚಿತ್ರವಾಗಿದೆ. ಒಂದು ಕಡೆ ಬಲು ಸುಲಭ, ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ ಗೊತ್ತಿಲ್ಲದ ಪದವನ್ನು ಜೋರಾಗಿ ಓದಿದರೆ ಉಚ್ಚಾರಣೆಯಲ್ಲೇ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಕನ್ನಡದಲ್ಲಿ ಹಾಗಲ್ಲ, ಅರ್ಥ ಗೊತ್ತಿಲ್ಲದ ಪದವನ್ನೂ ತಪ್ಪಿಲ್ಲದೆ ಓದಬಹುದು (ಗಿಡ್ಮ, ಟೋಪಳ ನೀವು ಸರಿಯಾಗೇ ಓದಿದಿರಿ). ಆದ್ದರಿಂದ ನಮ್ಮ ಮೇಷ್ಟ್ರುಗಳಿಗೆ ಮೋಸ ಹೋಗುವುದು ಸುಲಭ. ಇನ್ನೊಂದು ಕಡೆ, ಕಲಿಯಬೇಕಾದ ರೂಪಗಳ ಸಂಖ್ಯೆ ದೊಡ್ಡದು. ವರ್ಣಮಾಲೆ 49 ಅಕ್ಷರ ಅಷ್ಟೇ, ಆದರೆ 34 ವ್ಯಂಜನಕ್ಕೂ ಕಾಗುಣಿತ ಬರೆದರೆ ಐನೂರು ದಾಟುತ್ತದೆ, ಅದರ ಮೇಲೆ ಒತ್ತಕ್ಷರ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರಗಳ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯದೆ ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ನಡೆಯುತ್ತಿರುತ್ತದೆ ಎಂಬುದು ಕಂಡುಬಂತು. ಅಷ್ಟು ಕಾಲ ಶಾಲೆಯ ಗಮನವೆಲ್ಲ ಅಕ್ಷರದ ಮೇಲೇ ಇದ್ದರೆ, ಅರ್ಥದ ಸರದಿ ಬರುವುದು ಯಾವಾಗ?

ವೇಗದ ವಿಷಯವೂ ಒಂದು ಮಾತು. 2021ರಲ್ಲಿ ಶುರುವಾದ ನಿಪುಣ್ ಭಾರತ್ ಯೋಜನೆಯ ಗುರಿ ಪ್ರಕಾರ ಮೂರನೇ ತರಗತಿ ಮುಗಿಸುವ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕು. ವೇಗ ಬೇಡವೇ ಬೇಡ ಅಂತಲ್ಲ. 'ಅ... ಜ್ಜಿ... ಮ... ಹ... ಡಿ' ಎಂದು ಎಳೆಯುವ ಮಗು ವಾಕ್ಯದ ಕೊನೆಗೆ ಬರುವಾಗ ಮೊದಲ ಪದ ಮರೆತುಹೋಗಿರುತ್ತದೆ, ತಲೆಯ ರ‍್ಯಾಮ್ ಅಷ್ಟೇ ಇರುವುದು. ಆದರೆ ನಿಮಿಷದ ಲೆಕ್ಕ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿದರೆ ಸಿಗುತ್ತದೆ, 'ಅರ್ಥಸಹಿತ' ಅನ್ನುವುದು ಹಾಗೆ ಸಿಗುವುದಿಲ್ಲ. ನಾವು ಅಳೆಯಲು ಸುಲಭವಾದದ್ದನ್ನು ಅಳೆದೆವು. ನಮ್ಮ ಹಾಳೆಯ ನಾಲ್ಕು ಕಾಲಮ್ಮಿನಲ್ಲಿ ನಾಲ್ಕೂ ಡಿ, ಒಂದೂ ಸಿ ಇರಲಿಲ್ಲ.

ಈಗ ನಮ್ಮ ಹುಡುಗಿಯ ಕಡೆ ಬನ್ನಿ. ಅವಳಿಗೆ ಸಿ ಸೊನ್ನೆಯೇ? ಖಂಡಿತ ಅಲ್ಲ. ಮುಂದಿನ ವಾರ ಅದೇ ತರಹದ ಇನ್ನೊಂದು ಕಥೆಯನ್ನು ಬಾಯಲ್ಲಿ ಹೇಳಿದೆ, ತಕ್ಷಣ ಕಾರಣ ಹೇಳಿದಳು. ಡಿ ಇದೆ, ಸಿ ಇದೆ, ಆದರೂ ಗುಣಾಕಾರ ಆಗುತ್ತಿಲ್ಲ. ನನ್ನ ಊಹೆ ಇಷ್ಟೇ: ಓದುವುದು ಅಂದರೆ ಹಾಳೆಯಲ್ಲಿರುವ ಸದ್ದನ್ನು ಬಾಯಿಂದ ಹೊರಡಿಸುವುದು ಎಂದು ಅವಳು ನಂಬಿದ್ದಳು. ಹಾಳೆ ನಮ್ಮ ಜೊತೆ ಮಾತಾಡುತ್ತಿದೆ, ತಿರುಗಿ ಅದನ್ನು ಪ್ರಶ್ನೆ ಕೇಳಬಹುದು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಆರು ವಾರ ಹೇಳಲಿಲ್ಲ.

ಎಲ್ಲರ ಕಥೆ ಅವಳದ್ದೇ ಅಲ್ಲ. ಅದೇ ಗುಂಪಿನಲ್ಲಿ ಕಟ್ಟಡ ಕೆಲಸಕ್ಕೆ ಬಂದ ಕುಟುಂಬದ ಹುಡುಗನೊಬ್ಬ ಇದ್ದಾನೆ, ಮನೆಮಾತು ತೆಲುಗು. ಅವನೂ ಚೆನ್ನಾಗಿ ಓದುತ್ತಾನೆ. ಅವನಿಗೆ 'ಮಹಡಿ' ಅಂದರೇ ಗೊತ್ತಿರಲಿಲ್ಲ. 'ಮೇಡ' ಎಂದಾಗ ಮುಖ ಅರಳಿತು. ಅವನಿಗೆ ಬೇಕಾದದ್ದು ಕನ್ನಡದ ಪದ ಮತ್ತು ಮಾತು, ಇನ್ನಷ್ಟು ಕಾಗುಣಿತ ಅಲ್ಲ. ಕಾಯಿಲೆ ಬೇರೆ ಬೇರೆ ಇರುವಾಗ ಎಲ್ಲರಿಗೂ "ಇನ್ನೊಂದ್ಸಲ ಓದು" ಎಂಬ ಒಂದೇ ಮಾತ್ರೆ ಕೊಟ್ಟು ಪ್ರಯೋಜನವಿಲ್ಲ.

ಇನ್ನು ಪದಗಳೆಲ್ಲ ಗೊತ್ತಿದ್ದರೂ ಅರ್ಥವಾಗದೆ ಇರಬಹುದು. ನಂಬಿಕೆ ಬರದಿದ್ದರೆ ಇದನ್ನು ಓದಿ:

"ಎರಡು ತುದಿಯನ್ನೂ ಹಿಡಿದು ಹಿಂದಿನಿಂದ ಮುಂದಕ್ಕೆ ತನ್ನಿ. ಉದ್ದ ಸರಿಯಿದೆಯೇ ನೋಡಿಕೊಳ್ಳಿ. ಒಂದರ ಮೇಲೊಂದು ತಂದು ಬಿಗಿಯಾಗಿ ಸಿಕ್ಕಿಸಿ. ಮೊದಲ ಸಲ ಸಡಿಲವಾಗುವುದು ಸಹಜ. ಅನುಭವ ಇಲ್ಲದವರು ಬೆಲ್ಟಿನ ಸಹಾಯ ಪಡೆಯಬಹುದು, ಅದರಲ್ಲಿ ನಾಚಿಕೆಯಿಲ್ಲ. ವೇದಿಕೆ ಹತ್ತುವ ಮುನ್ನ ಇನ್ನೊಮ್ಮೆ ಪರೀಕ್ಷಿಸುವುದು ಕ್ಷೇಮ."

ಕಷ್ಟದ ಪದ ಒಂದೂ ಇಲ್ಲ, ಆದರೂ ಮೊದಲ ಮೂರು ವಾಕ್ಯ ತೇಲುತ್ತಿದ್ದವು ಅಲ್ವಾ? ಮೇಲೆ 'ರಾಜ್ಯೋತ್ಸವದ ದಿನ ಪಂಚೆ ಉಡುವುದು' ಎಂದು ತಲೆಬರಹ ಹಾಕಿ ಮತ್ತೆ ಓದಿ. 1972ರಲ್ಲಿ ಬ್ರಾನ್ಸ್‌ಫರ್ಡ್ ಮತ್ತು ಜಾನ್ಸನ್ ಅಮೆರಿಕದಲ್ಲಿ ಇಂಥದ್ದೇ ಪ್ರಯೋಗ ಮಾಡಿದ್ದರು, ಅವರದ್ದು ಬಟ್ಟೆ ಒಗೆಯುವ ವಿವರಣೆ. ವಿಷಯ ಏನೆಂದು ಮೊದಲೇ ಹೇಳಿಸಿಕೊಂಡವರಿಗೆ ಚೆನ್ನಾಗಿ ಅರ್ಥವಾಯಿತು, ನೆನಪೂ ಉಳಿಯಿತು. ಓದಿ ಮುಗಿಸಿದ ಮೇಲೆ ಹೇಳಿಸಿಕೊಂಡವರಿಗೆ ಆ ಲಾಭ ಸಿಗಲಿಲ್ಲ. ಅಂದರೆ ಪಾಠ ಓದಿಸಿ ಆಮೇಲೆ "ಇದರ ಸಾರಾಂಶ ಏನಪ್ಪಾ ಅಂದ್ರೆ" ಎನ್ನುವುದು ತಡವಾದ ಉಪಚಾರ. ಮೊದಲೇ ಎರಡು ನಿಮಿಷ ಮಾತಾಡಬೇಕು. ಹಪ್ಪಳ ಯಾರ ಮನೆಯಲ್ಲಿ ಮಾಡ್ತಾರೆ? ಎಲ್ಲಿ ಒಣಗಿಸ್ತಾರೆ? ಕಾಗೆ ಬಂದ್ರೆ? ಇದು ಕಾಲಹರಣದಂತೆ ಕಾಣುತ್ತದೆ, ಆದರೆ ಪಾಠ ಇಲ್ಲೇ ಶುರುವಾಗಿರುತ್ತದೆ.

ಓದುವಾಗ ನಾವು ಮಾಡುವುದು ಹೀಗೆ. ಮೊದಲು ದೊಡ್ಡವರಲ್ಲಿ ಒಬ್ಬರು ಜೋರಾಗಿ ಓದುತ್ತಾ, ನಡುವೆ ನಿಂತು, ತಲೆಯಲ್ಲಿ ಓಡುವುದನ್ನು ಬಾಯಿಬಿಟ್ಟು ಹೇಳುವುದು. "ಆಕಾಶ ಕಪ್ಪಾಗಿತ್ತು... ಹ್ಞಾಂ, ರಾತ್ರಿ ಆಯ್ತಾ? ಇಲ್ಲ, ಈಗ ತಾನೇ ಊಟ ಮಾಡಿ ಮಲಗಿದ್ದಳು. ಹಾಗಾದ್ರೆ ಮೋಡ ಇರಬೇಕು." ಮೊದಲ ದಿನ ನನಗೆ ನಾಚಿಕೆಯಾಯಿತು, ಹುಚ್ಚನ ಹಾಗೆ ನಾನೇ ಕೇಳಿ ನಾನೇ ಹೇಳಿಕೊಳ್ಳುವುದು. ಆದರೆ ಬೆರಳು ಎಲ್ಲಿ ಓಡುತ್ತದೆ ಎಂಬುದು ಮಗುವಿಗೆ ಕಾಣುತ್ತದೆ, ತಲೆ ಎಲ್ಲಿ ಓಡುತ್ತದೆ ಎಂಬುದು ಕಾಣುವುದಿಲ್ಲ. ಅದನ್ನು ತೋರಿಸಲು ಬೇರೆ ದಾರಿ ನನಗೆ ಗೊತ್ತಿಲ್ಲ.

ಆಮೇಲೆ ನಿಧಾನಕ್ಕೆ ಆ ಕೆಲಸವನ್ನು ಮಕ್ಕಳಿಗೇ ದಾಟಿಸುವುದು. ಪಾಲಿಂಕ್ಸಾರ್ ಮತ್ತು ಬ್ರೌನ್ 1984ರಲ್ಲಿ ಏಳನೇ ತರಗತಿ ಮಕ್ಕಳ ಜೊತೆ ಮಾಡಿ ತೋರಿಸಿದ ಪದ್ಧತಿಯಲ್ಲಿ ಮಕ್ಕಳೇ ಸರದಿಯಂತೆ ಮೇಷ್ಟ್ರಾಗುತ್ತಾರೆ: ಮುಂದೇನು ಎಂದು ಊಹಿಸುವುದು, ಪ್ರಶ್ನೆ ಹುಟ್ಟಿಸುವುದು, ಗೊಂದಲವಾದ ಕಡೆ ನಿಲ್ಲುವುದು, ಇಷ್ಟರವರೆಗೆ ಆದದ್ದನ್ನು ಹೇಳುವುದು. ನಾಲ್ಕನೇ ತರಗತಿಗೆ ನಾಲ್ಕೂ ಒಟ್ಟಿಗೆ ಹೊರೆ. ನಾವು ಊಹೆಯಿಂದ ಶುರು ಮಾಡಿದೆವು, ಮಕ್ಕಳಿಗೆ ಅದೇ ಇಷ್ಟ. ಊಹೆ ತಪ್ಪಾದರೂ ಪರವಾಗಿಲ್ಲ, ಯಾಕೆ ಹಾಗನ್ನಿಸಿತು ಎಂದು ಹಾಳೆಯಲ್ಲಿ ಬೆರಳಿಟ್ಟು ತೋರಿಸಬೇಕು, ಅದೊಂದೇ ಷರತ್ತು.

ಕೇಳಬಾರದ ಪ್ರಶ್ನೆ ಒಂದಿದೆ: "ಅರ್ಥ ಆಯ್ತಾ?" ನಾಲ್ಕನೇ ತರಗತಿಯಲ್ಲೂ ನಾಲ್ಕನೇ ಸೆಮಿಸ್ಟರಿನಲ್ಲೂ ಇದಕ್ಕೆ ಸಿಗುವ ಉತ್ತರ ಒಂದೇ, "ಹೂಂ". ಅದರ ಬದಲು "ನಿನ್ನ ತಂಗಿಗೆ ಈ ಕಥೆ ಹೇಗೆ ಹೇಳ್ತೀಯಾ, ಹೇಳು" ಅನ್ನಿ. ಮನೆಮಾತಿನಲ್ಲಿ ಹೇಳಿದರೂ ಹೇಳಲಿ. ತೆಲುಗು ಹುಡುಗ ಅಜ್ಜಿಯ ಕಥೆಯನ್ನು ತೆಲುಗಿನಲ್ಲಿ ಹೇಳಿದಾಗ ನನಗೆ ಅರ್ಧವೇ ತಿಳಿಯಿತು, ಆದರೆ ಅವನಿಗೆ ಪೂರ್ತಿ ತಿಳಿದಿದೆ ಎಂಬುದು ಗೊತ್ತಾಯಿತು.

ಅಮೆರಿಕದ ಡೋಲೊರೆಸ್ ಡರ್ಕಿನ್ 1970ರ ದಶಕದ ಕೊನೆಯಲ್ಲಿ ನಾಲ್ಕನೇ ತರಗತಿಯ ಓದಿನ ಪಾಠಗಳಲ್ಲಿ ಕೂತು ಸಮಯ ಲೆಕ್ಕ ಹಾಕಿದ್ದರು. ಅರ್ಥಗ್ರಹಣ ಹೇಗೆ ಎಂದು ಕಲಿಸಿದ ಸಮಯ ಶೇ. 1ಕ್ಕಿಂತ ಕಡಿಮೆ. ಪ್ರಶ್ನೆ ಕೇಳಿ ಉತ್ತರ ಸರಿಯೋ ತಪ್ಪೋ ನೋಡುವುದು ಮಾತ್ರ ಧಾರಾಳವಾಗಿತ್ತು. ಓದಿದಾಗ ನನಗೆ ನೆನಪಾದದ್ದು ನನ್ನ ಮೊದಲ ಸೆಮಿಸ್ಟರ್. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ ನಾನು. ಥರ್ಮೋಡೈನಾಮಿಕ್ಸ್ ಪುಸ್ತಕದ ಒಂದು ಪ್ಯಾರಾವನ್ನು ಕ್ಲಾಸಿನಲ್ಲಿ ಓದಿಸಿದರು, ತಪ್ಪಿಲ್ಲದೆ ಓದಿದೆ. ಏನು ಹೇಳುತ್ತಿದೆ ಎಂದು ಕೇಳಿದರು. ನಾನು ಆ ಪ್ಯಾರಾದ ಕೊನೆಯ ವಾಕ್ಯವನ್ನೇ ಮತ್ತೆ ಓದಿದೆ. ಅಯ್ಯೋ ಎಂದು ಓಡಿದಳು!

ನಮ್ಮ ತಪ್ಪುಗಳನ್ನೂ ಹೇಳಿಬಿಡುತ್ತೇನೆ, ಮುಂದಿನ ಬ್ಯಾಚಿಗೆ ಉಪಯೋಗವಾಗಲಿ. ಉತ್ಸಾಹದಲ್ಲಿ ಪ್ರತಿ ಸಾಲಿಗೂ ನಿಲ್ಲಿಸಿ ಪ್ರಶ್ನೆ ಕೇಳಲು ಹೋಗಿ ಒಂದು ಒಳ್ಳೆಯ ನರಿ ಕಥೆಯನ್ನು ಕೊಂದೆವು. "ಅಣ್ಣಾ, ಮೊದ್ಲು ಕಥೆ ಮುಗಿಸಿ" ಅಂತ ಬೇಡಿಕೊಂಡರು. ಈಗ ಒಂದು ಪುಟಕ್ಕೆ ಒಂದೇ ನಿಲ್ದಾಣ. ಇನ್ನೊಂದು, ಪ್ರಶ್ನೆ ಕೇಳಿ ಎರಡೇ ಸೆಕೆಂಡಿನಲ್ಲಿ ನಾವೇ ಉತ್ತರ ಕೊಟ್ಟುಬಿಡುತ್ತಿದ್ದೆವು. ಮನಸ್ಸಿನಲ್ಲೇ ಹತ್ತು ಎಣಿಸುವುದು ಕಷ್ಟ, ಮಾಡಿ ನೋಡಿ. ಓದಲು ಪುಸ್ತಕ ಎಲ್ಲಿಂದ ಅಂದರೆ, ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತವಾಗಿವೆ, ಪ್ರಿಂಟ್ ತೆಗೆದು ಒಯ್ಯುತ್ತೇವೆ.

ಹುಡುಗಿ ಈಗ ಹಿಂದೆ ಕೂರುವುದಿಲ್ಲ. ಹೋದ ವಾರ ಕಥೆಯೊಂದನ್ನು ಓದುತ್ತಾ ನಡುವೆ ತಾನಾಗಿಯೇ ನಿಂತಳು. ಎರಡು ಸಾಲು ಹಿಂದಕ್ಕೆ ಹೋದಳು. "ಅಣ್ಣಾ, ಇಲ್ಲಿ 'ಅವನು' ಅಂದ್ರೆ ಯಾರು? ಮಾವನಾ, ಕಳ್ಳನಾ?" ಎಂದಳು. ನಾನೂ ಸರಿಯಾಗಿ ನೋಡಿದೆ. ನಿಜಕ್ಕೂ ಗೊಂದಲವಿತ್ತು, ಬರೆದವರದ್ದೇ ತಪ್ಪು.

ಅದೇ ದಿನ ಶಾಲೆಯಲ್ಲಿ ಓದಿನ ವೇಗದ ಲೆಕ್ಕವೂ ನಡೆಯಿತು. ನಿಮಿಷದ ಪದಗಳು ಹಿಂದಿಗಿಂತ ಕಡಿಮೆ ಬಂದವು. ಅವಳ ಮೇಡಂ ಹಾಳೆ ಹಿಡಿದುಕೊಂಡು ಬಂದು "ಏನ್ರಪ್ಪಾ, ಚೆನ್ನಾಗಿ ಓದ್ತಿದ್ದ ಹುಡುಗಿ, ಈಗ ನಿಂತು ನಿಂತು ಓದ್ತಾಳಲ್ಲ?" ಅಂದರು. ಅಜ್ಜಿಯ ಕಾರ್ಡು ನನ್ನ ಬ್ಯಾಗಿನಲ್ಲೇ ಇತ್ತು. ಅದನ್ನು ತೆಗೆದು ಅವರ ಕೈಗೆ ಕೊಟ್ಟು, ಮೊದಲಿನಿಂದ ಹೇಳಲು ಶುರು ಮಾಡಿದೆ.