ಹೆಸರಿನ ಮುಂದೆ ‘ಸಿಸಿಆರ್‌ಎನ್’ ಎಂದಿದ್ದರೆ ನಂಬಬಹುದೇ?

‘ಅಮೆರಿಕದ ಐಸಿಯು ನರ್ಸ್ ಹೇಳಿದ್ದು, ಎಲ್ಲರಿಗೂ ಕಳಿಸಿ’ ಎಂಬಂಥ ಆರೋಗ್ಯ ಸಲಹೆ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಹೆಸರಿನ ಮುಂದೆ ‘ಆರ್‌ಎನ್, ಸಿಸಿಆರ್‌ಎನ್’ ಎಂದಿದ್ದರೆ ಮುಗಿಯಿತು, ಮಾತ್ರೆ ಬಿಡುವವರೂ ಇದ್ದಾರೆ. ಆದರೆ ಆ ಅಕ್ಷರಗಳನ್ನು ಯಾರು ಬೇಕಾದರೂ ಟೈಪ್ ಮಾಡಬಹುದು.

ಆರ್‌ಎನ್ ಎಂದರೆ ಅಲ್ಲಿನ ರಾಜ್ಯದ ನರ್ಸಿಂಗ್ ಮಂಡಳಿ ಕೊಡುವ ಲೈಸೆನ್ಸ್. ಸಿಸಿಆರ್‌ಎನ್ ಲೈಸೆನ್ಸ್ ಅಲ್ಲ, ಅದರ ಮೇಲಿನ ವಿಶೇಷ ಪ್ರಮಾಣಪತ್ರ. ಗಂಭೀರ ಸ್ಥಿತಿಯ ರೋಗಿಗಳನ್ನು ನೋಡಿಕೊಂಡ ಅನುಭವ ಬೇಕು. ಒಂದು ದಾರಿ, ಎರಡು ವರ್ಷದಲ್ಲಿ 1,750 ಗಂಟೆ. ಆಮೇಲೆ 150 ಪ್ರಶ್ನೆಗಳ ಪರೀಕ್ಷೆ. ಕೊಡುವುದು ಅಮೆರಿಕನ್ ಅಸೋಸಿಯೇಷನ್ ಆಫ್ ಕ್ರಿಟಿಕಲ್ ಕೇರ್ ನರ್ಸಸ್‌ನ ಪ್ರಮಾಣೀಕರಣ ಸಂಸ್ಥೆ. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಹಾಗಾಗಿ ಸರ್ಟಿಫಿಕೇಟಿನ ಫೋಟೊ ಅಸಲಿಯಾಗಿದ್ದರೂ ಅವಧಿ ಮುಗಿದಿರಬಹುದು.

ಪ್ರಮಾಣಪತ್ರವನ್ನು ಆ ಸಂಸ್ಥೆಯ ವೆಬ್‌ಸೈಟಿನಲ್ಲೇ ಪರಿಶೀಲಿಸಬಹುದು. ಲೈಸೆನ್ಸ್ ಬೇರೆ ಕಡೆ ನೋಡಬೇಕು: ‘ನರ್ಸಿಸ್’ ಎಂಬ ತಾಣದಲ್ಲಿ, ಉಚಿತವಾಗಿ. ನಮ್ಮ ಕರ್ನಾಟಕದ ನರ್ಸ್‌ಗಳ ನೋಂದಣಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿರುತ್ತದೆ. ಅವರ ಹೆಸರಿನ ಮುಂದೆ ಸಿಸಿಆರ್‌ಎನ್ ಇಲ್ಲ ಎಂದಮಾತ್ರಕ್ಕೆ ಅನುಭವ ಕಡಿಮೆ ಎಂದೇನಲ್ಲ.

ಹೆಸರು, ಪ್ರಮಾಣಪತ್ರ ಎರಡೂ ನಿಜ ಎಂದೇ ಇಟ್ಟುಕೊಳ್ಳಿ. ಆ ಸಂದೇಶ ಬರೆದದ್ದು ಅವರೇ ಎಂಬುದನ್ನು ಯಾವ ವೆಬ್‌ಸೈಟೂ ಹೇಳುವುದಿಲ್ಲ. ಪರೀಕ್ಷೆ ನಡೆದದ್ದು ಐಸಿಯು ಆರೈಕೆಯ ಬಗ್ಗೆ, ಫಾರ್ವರ್ಡ್‌ನಲ್ಲಿರುವ ನಿಂಬೆರಸದ ಬಗ್ಗೆ ಅಲ್ಲ.