ಕೆಟ್ಟ ಜೀನನ್ನು ಮುಟ್ಟದ ಚಿಕಿತ್ಸೆ

ಸಿಕಲ್ ಸೆಲ್ ರೋಗ ಹೊತ್ತು ಹುಟ್ಟಿದ ಮಗು ಮೊದಲ ಕೆಲವು ತಿಂಗಳು ಎಲ್ಲ ಮಕ್ಕಳಂತೆಯೇ ಆಡಿಕೊಂಡಿರುತ್ತದೆ. ಸುಮಾರು ಆರು ತಿಂಗಳು ತುಂಬುವ ಹೊತ್ತಿಗೆ ಕೈಕಾಲಿನ ಬಾವು, ನೋವು, ರಕ್ತಹೀನತೆ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ದೋಷ ಹುಟ್ಟಿನಿಂದಲೇ ಇದ್ದರೂ ಅಷ್ಟು ದಿನ ಮಗುವನ್ನು ಕಾಪಾಡಿದ್ದೇನು? 1948ರಲ್ಲಿ ಬ್ರೂಕ್ಲಿನ್‌ನ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್, ತಾಯಿಯ ಹೊಟ್ಟೆಯಲ್ಲಿದ್ದಾಗ ತಯಾರಾಗುವ ಭ್ರೂಣ ಹಿಮೊಗ್ಲೋಬಿನ್ನೇ ಇದಕ್ಕೆ ಕಾರಣವಿರಬೇಕು ಎಂದರು. ಆ ಊಹೆಯನ್ನು ಚಿಕಿತ್ಸೆಯ ಹಾದಿಗೆ ತಂದವರಲ್ಲಿ ಬಾಸ್ಟನ್ನಿನ ವಿಜ್ಞಾನಿ ಸ್ಟುವರ್ಟ್ ಆರ್ಕಿನ್ ಮುಖ್ಯರು.

ನಮ್ಮ ಹಿಮೊಗ್ಲೋಬಿನ್‌ನಲ್ಲಿ ನಾಲ್ಕು ಪ್ರೊಟೀನ್ ಎಳೆಗಳಿವೆ: ಎರಡು ಆಲ್ಫಾ, ಎರಡು ಬೀಟಾ. ಸಿಕಲ್ ಸೆಲ್ ರೋಗಿಯ ಬೀಟಾ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. 'ಎ' ಇರಬೇಕಾದಲ್ಲಿ 'ಟಿ'. ಅಷ್ಟಕ್ಕೇ ಬೀಟಾ ಎಳೆಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದು ಕೂರುತ್ತದೆ. ಇಂಥ ಹಿಮೊಗ್ಲೋಬಿನ್ ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಒಂದಕ್ಕೊಂದು ಅಂಟಿ ಉದ್ದನೆಯ ಕಡ್ಡಿಗಳಾಗುತ್ತದೆ. ದುಂಡಗಿನ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮುಂದಕ್ಕೆ ರಕ್ತ ಹರಿಯದೆ ಸಹಿಸಲಾಗದ ನೋವು ಬರುತ್ತದೆ. ಸುಮಾರು 120 ದಿನ ಬಾಳಬೇಕಾದ ಕಣ 10–20 ದಿನಕ್ಕೇ ಒಡೆಯುತ್ತದೆ.

ಭ್ರೂಣ ಹಿಮೊಗ್ಲೋಬಿನ್‌ನಲ್ಲಿ ಬೀಟಾ ಬದಲು ಗಾಮಾ ಎಳೆಗಳಿರುತ್ತವೆ. ಅದು ತಾನೂ ಕಡ್ಡಿಗೆ ಸೇರುವುದಿಲ್ಲ, ಕಡ್ಡಿ ಬೆಳೆಯಲೂ ಬಿಡುವುದಿಲ್ಲ. ಆದರೆ ಹುಟ್ಟಿದ ಮೇಲೆ ಗಾಮಾ ಜೀನಿನ ಕೆಲಸ ಬಹುಮಟ್ಟಿಗೆ ನಿಂತುಹೋಗುತ್ತದೆ. ನಿಲ್ಲಿಸುವುದು ಯಾವುದು? ದೊಡ್ಡವರಾದ ಮೇಲೂ ಭ್ರೂಣ ಹಿಮೊಗ್ಲೋಬಿನ್ ಹೆಚ್ಚಾಗಿ ಉಳಿದವರ ಜೀನುಗಳನ್ನು ಹೋಲಿಸಿದಾಗ, ಬೀಟಾ, ಗಾಮಾ ಜೀನುಗಳಿರುವ 11ನೆಯ ಕ್ರೋಮೊಸೋಮಿನ ಜೊತೆಗೆ 2ನೆಯ ಕ್ರೋಮೊಸೋಮಿನ ಬಿಸಿಎಲ್11ಎ ಎಂಬ ಜೀನೂ ಸಿಕ್ಕಿತು. ಗಾಮಾವನ್ನು ಅದುಮಿಡುವುದು ಇದರ ಪ್ರೊಟೀನೇ ಎಂದು ಆರ್ಕಿನ್ ಮತ್ತು ಅವರ ವಿದ್ಯಾರ್ಥಿ ವಿಜಯ್ ಶಂಕರನ್ 2008ರಲ್ಲಿ ತೋರಿಸಿದರು. 2011ರಲ್ಲಿ, ರೋಗವಿದ್ದ ಇಲಿಗಳ ರಕ್ತಕಣಗಳಲ್ಲಿ ಈ ಜೀನನ್ನು ತೆಗೆದಾಗ ರೋಗ ಇಳಿಯಿತು.

ಹಾಗೆಂದು ಮನುಷ್ಯರಲ್ಲಿ ಆ ಜೀನನ್ನೇ ಕಿತ್ತೆಸೆಯುವಂತಿಲ್ಲ. ಮೆದುಳಿಗೂ ರೋಗನಿರೋಧಕ ಕಣಗಳಿಗೂ ಅದು ಬೇಕು. 2013ರಲ್ಲಿ ಡೇನಿಯಲ್ ಬಾವರ್ ಮತ್ತು ಆರ್ಕಿನ್ ತಂಡ ಈ ತೊಡಕನ್ನೂ ಬಿಡಿಸಿತು. ಬಿಸಿಎಲ್11ಎ ಜೀನಿನೊಳಗೇ, ಕೆಂಪು ರಕ್ತಕಣದ ವಂಶದಲ್ಲಷ್ಟೇ ಅದನ್ನು ಚುರುಕುಗೊಳಿಸುವ ಒಂದು ಡಿಎನ್‌ಎ ತುಣುಕಿದೆ. ಅದನ್ನು ಕೆಡಿಸಿದರೆ ಸಾಕು. ಇಡೀ ಮನೆಯ ಮೇನ್ ಆಫ್ ಮಾಡದೆ, ಒಂದು ಕೋಣೆಯ ಫ್ಯೂಸ್ ಮಾತ್ರ ಕಿತ್ತಂತೆ.

2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕ ಒಪ್ಪಿಗೆ ಕೊಟ್ಟ 'ಕ್ಯಾಸ್ಗೆವಿ' ಮಾಡುವುದು ಇದನ್ನೇ. ರೋಗಿಯ ರಕ್ತದಿಂದ ಆಕರಕೋಶಗಳನ್ನು ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ಕ್ರಿಸ್ಪರ್ ಎಂಬ ಜೀನ್ ಕತ್ತರಿಯಿಂದ ಆ ತುಣುಕನ್ನು ಕತ್ತರಿಸುತ್ತಾರೆ. ಕೋಶ ಅದನ್ನು ಸರಿಯಾಗಿ ಕೂಡಿಸಲಾರದೆ ತುಣುಕು ನಿಷ್ಪ್ರಯೋಜಕವಾಗುತ್ತದೆ. ಅತ್ತ ಬುಸಲ್ಫಾನ್ ಎಂಬ ಕಟುವಾದ ಔಷಧ ಕೊಟ್ಟು ಅಸ್ಥಿಮಜ್ಜೆಯನ್ನು ಖಾಲಿ ಮಾಡಿ, ತಿದ್ದಿದ ಕೋಶಗಳನ್ನು ರಕ್ತನಾಳದ ಮೂಲಕ ಮರಳಿ ಸೇರಿಸುತ್ತಾರೆ. ಫಲಿತಾಂಶ ಅಳೆಯುವಷ್ಟು ಕಾಲ ಗಮನಿಸಿದ 31 ಮಂದಿಯಲ್ಲಿ 29 ಮಂದಿಗೆ ಕನಿಷ್ಠ ಒಂದು ವರ್ಷ ಸತತವಾಗಿ ತೀವ್ರ ನೋವಿನ ಬಾಧೆ ಬರಲಿಲ್ಲ. ಗಮನಿಸಿ: ರೋಗ ತಂದ ಬೀಟಾ ಜೀನು ಇದ್ದಲ್ಲೇ, ಇದ್ದ ಹಾಗೇ ಇದೆ. ಅದು ಮಕ್ಕಳಿಗೂ ದಾಟುತ್ತದೆ.

ಆದರೆ ಬುಸಲ್ಫಾನ್‌ನಿಂದ ಬಂಜೆತನದ ಅಪಾಯವಿದೆ. ಅಮೆರಿಕದಲ್ಲಿ ಚಿಕಿತ್ಸೆಯ ಬೆಲೆ 22 ಲಕ್ಷ ಡಾಲರ್. ಮೈಸೂರು, ಚಾಮರಾಜನಗರ ಭಾಗದ ಬುಡಕಟ್ಟು ಕುಟುಂಬಗಳಲ್ಲೂ ಸಿಕಲ್ ಸೆಲ್ ಇದೆ. 2023ರಲ್ಲಿ ಶುರುವಾದ ರಾಷ್ಟ್ರೀಯ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ. ಈ ಕುಟುಂಬಗಳಿಗೆ ಕ್ರಿಸ್ಪರ್ ತಲುಪುವುದು ತಡವಾಗಬಹುದು, ಅದರ ಹಿಂದಿನ ತತ್ವ ತಡವಾಗಬೇಕಿಲ್ಲ. ಹೈಡ್ರಾಕ್ಸಿಯೂರಿಯ ಎಂಬ ಅಗ್ಗದ ಕ್ಯಾಪ್ಸೂಲೂ ಭ್ರೂಣ ಹಿಮೊಗ್ಲೋಬಿನ್ನನ್ನು ಹೆಚ್ಚಿಸುತ್ತದೆ. ಅದರ ಪರಿಣಾಮ ಕಡಿಮೆ, ದಿನವೂ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ರೋಗ ಬೇಗ ಪತ್ತೆಯಾಗಿ, ಗುಳಿಗೆ ತಪ್ಪದೆ ಸಿಕ್ಕರೆ, ವಾಟ್ಸನ್ ಗುರುತಿಸಿದ ಆ ರಕ್ಷಣೆಯ ಒಂದಷ್ಟು ಪಾಲನ್ನು ಹಾಡಿಯ ಮಗುವಿಗೂ ಇವತ್ತೇ ಕೊಡಬಹುದು.